ಮದಾಲಾ ಎಂದರೆ ಮಾದಲಿಯಲ್ಲ

ದಾವಣಗೆರೆ

ಗಣಿಯ ಬಗ್ಗೆ ಮಾತಾಡುವವರೆಲ್ಲ ಕತ್ತಲೆಯಿಂದಲೇ ಶುರು ಮಾಡುತ್ತಾರೆ. ಪಾತಾಳ, ಗಾಢಾಂಧಕಾರ, ಭೂಮಿತಾಯಿಯ ಒಡಲು, ನೆತ್ತಿಯ ಮೇಲೊಂದು ಮಿಣುಕು ದೀಪ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಹಾಗೇ ಶುರು ಮಾಡಿದ್ದೆ. 'ಆಳದ ಗಣಿಗಳಿಗೆ ಮನುಷ್ಯರ ಬದಲು ಯಂತ್ರಗಳೇ ಇಳಿಯಲಿ' ಎಂಬುದು ವಿಷಯ. ಪರವಾಗಿ ಮಾತಾಡಿ ಗೆದ್ದೆ ಕೂಡ. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಭಾಂಗಣದಲ್ಲಿ ಧೂಳು ಜಾಸ್ತಿ ಇತ್ತು ಅನ್ನುವುದನ್ನೂ ಹೇಳಿಬಿಡಬೇಕು.

ಒಂದು ಗಣಿಗೆ ಇಳಿದು ಹತ್ತಿ ಬಂದವಳಾಗಿ ಈಗ ನನ್ನದೇ ಭಾಷಣಕ್ಕೆ ನನ್ನ ಮೊದಲ ಆಕ್ಷೇಪ ಇದು: ಕತ್ತಲೆ ಆ ಕೆಲಸದ ಮುಖ್ಯ ಕಷ್ಟವೇ ಅಲ್ಲ. ಕತ್ತಲೆಗೆ ದೀಪವಿದೆ. ದೀಪ ಕೆಟ್ಟರೆ ಪಕ್ಕದವನ ದೀಪವಿದೆ. ಶೆಕೆಗೆ ಏನಿದೆ? ಕತ್ತಲೆಯ ಕಥೆ ಹೇಳುವವರು ಈ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಕತ್ತಲೆಯ ಮೇಲೆ ಪದ್ಯ ಬರೆಯಬಹುದು, ಬೆವರುಸಾಲೆಯ ಮೇಲೆ ಬರೆಯಲು ಬರುವುದಿಲ್ಲ.

ನನ್ನ ತಾಯಿಯ ತಮ್ಮ ಕೊಟ್ರೇಶಿ ಮಾವ ಹರಿಹರದವರು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದವರು, ಈಗ ಕೆಲವು ವರ್ಷಗಳಿಂದ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿದ್ದಾರೆ. ಮೇಲೆ ನೀರನ್ನು ಮಂಜಿನಂತೆ ತಣ್ಣಗೆ ಮಾಡಿ ಕೆಳಗೆ ಕಳಿಸುತ್ತಾರೆ, ಆ ನೀರಿನಿಂದ ಕೆಳಗಿನ ಗಾಳಿಯನ್ನು ತಂಪು ಮಾಡುತ್ತಾರೆ. ಆ ಪಂಪು, ಆ ಕೊಳವೆ, ಆ ತಂಪು ಎಲ್ಲ ಮಾವನ ಉಸ್ತುವಾರಿ. ನನ್ನ ಬಹುಮಾನದ ಸುದ್ದಿ ಕೇಳಿ ಫೋನಿನಲ್ಲಿ ಅಂದರು: "ಭಾಷಣ ಬಿಗಿದಿದ್ದು ಸಾಕು, ಬಂದು ನೋಡ್ಬಾ ವಕೀಲಮ್ಮ."

ಅವ್ವನಿಗೆ ಒಂದೇ ಚಿಂತೆ. "ಅಲ್ಲಿ ಭಾಳ ಶೆಕಿಯಂತೆ ಕಣೇ."

"ಏಪ್ರಿಲ್‌ನಾಗ ಎಸ್.ಎಸ್. ಬಡಾವಣಿ ಮನಿಯಾಗ ಕರೆಂಟಿಲ್ದೆ ಮಲಗಿ ಎದ್ದೋಳಿಗೆ ಶೆಕಿ ಅಂದ್ರೇನವ್ವ?" ಅಂದೆ.

ಮಾವನಿಗೆ ಮಂಡಕ್ಕಿ ತರಲು ದಾದಾಪೀರ್ ಚಾಚಾನ ಭಟ್ಟಿಗೆ ಹೋದೆ. ಅವರು ಒಲೆಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ತಿರುವುತ್ತಿದ್ದರು, ಬನಿಯನ್ನು ಮೈಗೆ ಅಂಟಿತ್ತು. ನಾನು ಎಲ್ಲಿಗೆ ಹೊರಟಿದ್ದೇನೆಂದು ಕೇಳಿ ಕೈ ನಿಲ್ಲಿಸದೆ ಹೇಳಿದರು: "ಶೆಕಿದು ಏನೈತಮ್ಮ, ಮೈ ಒಗ್ಗತೈತಿ. ಹೊರಗ ಬಂದಾಗ ಒಂದಿಷ್ಟು ಗಾಳಿ ಸಿಗಬೇಕು. ಅಲ್ಲಿ ಗಾಳಿಗೆ ಎಲ್ಲಿ ಬರ್ತಾರೆ, ಕೇಳ್ಕೊಂಬಾ."

ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣ

ತಪಾಸಣೆಯ ಹೆಂಗಸು ನನ್ನ ಚೀಲಕ್ಕೆ ಕೈಹಾಕಿ ಮಂಡಕ್ಕಿಯ ಪೊಟ್ಟಣ ಒತ್ತಿ ನೋಡಿದಳು. ಆಮೇಲೆ ಚೀಲವನ್ನೆಲ್ಲ ತಡಕಾಡಿ, "ಗಾಜಿನ ಸಾಮಾನು ಎಲ್ಲಿ?" ಎಂದು ಕೇಳಿದಳು. ಒಡೆಯುವ ಸಾಮಾನಿನ ಸುತ್ತ ತುಂಬುವ ಥರ್ಮೋಕೋಲ್ ಗುಂಡು ಎಂದುಕೊಂಡಿದ್ದಳು.

"ಇದು ತಿನ್ನೋದು. ಅಕ್ಕಿ," ಅಂದೆ.

"ಅಕ್ಕಿ ನನಗೂ ಗೊತ್ತು," ಅಂದಳು.

ಪುರಾವೆ ಒದಗಿಸುವ ಹೊಣೆ ಪ್ರತಿಪಾದಿಸಿದವರದು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ. ಥರ್ಮೋಕೋಲ್ ತಿನ್ನುವವಳನ್ನು ನೋಡುವಂತೆಯೇ ನೋಡಿ ಪಕ್ಕದವನನ್ನು ಕರೆದಳು. ಅವನೂ ನಾಲ್ಕು ಕಾಳು ತಿಂದು, ಬಹಳ ಹೊತ್ತು ಯೋಚಿಸಿ, "ಉಪ್ಪಿಲ್ಲ" ಎಂದು ತೀರ್ಪು ಕೊಟ್ಟ. ಮಂಡಕ್ಕಿ ಪಾಸಾಯಿತು. ಹಸಿಮೆಣಸಿನಕಾಯಿ ಮಾತ್ರ ಒಳಗೆ ಬಿಡುವಂತಿಲ್ಲವೆಂದು ಕಸದ ಡಬ್ಬಿಗೆ ಹೋಯಿತು. ಮಿರ್ಚಿಯ ಆಸೆ ಬಿಟ್ಟು ಮಂಡಕ್ಕಿಯೊಂದೇ ಗಡಿ ದಾಟಿತು.

ಗಣಿಯ ಊರು

ಜೊಹಾನ್ಸ್‌ಬರ್ಗ್‌ನಿಂದ ಪಶ್ಚಿಮಕ್ಕೆ ಹೋದರೆ ಬಯಲಿನ ನಡುವೆ ನೆತ್ತಿ ಚಪ್ಪಟೆಯಾದ ಹಳದಿ ಗುಡ್ಡಗಳು ಕಾಣುತ್ತವೆ. ಗುಡ್ಡ ಅಂದುಕೊಂಡೆ. ಚಿನ್ನ ತೆಗೆದು ಮಿಕ್ಕ ಕಲ್ಲಿನ ಪುಡಿಯಂತೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಊರಿನ ಹೆಂಗಸರು ಬಟ್ಟೆ ಒಣಹಾಕುವುದಿಲ್ಲ.

ಆ ಜನರ ಒಂದು ಅಭ್ಯಾಸ ನನಗೆ ಮೊದಲ ದಿನವೇ ಪಾಠ ಕಲಿಸಿತು. ಅಂಗಡಿಗೆ ಹೋಗಿ "ಹಾಲು ಇದೆಯಾ?" ಅಂದೆ. ಅಂಗಡಿಯವನು ಕೈಕಟ್ಟಿ ನಿಂತು, "ನಮಸ್ಕಾರ, ಹೇಗಿದ್ದೀರಿ?" ಅಂದ. "ಹಾಲು," ಅಂದೆ. "ನಾನು ಚೆನ್ನಾಗಿದ್ದೇನೆ," ಅಂದ. ಕ್ಷೇಮ ಕೇಳದೆ ವ್ಯವಹಾರ ಇಲ್ಲ. ನಮ್ಮಲ್ಲಿ 'ಊಟ ಆಯ್ತಾ' ಅನ್ನುತ್ತೇವೆ ನಿಜ, ಆದರೆ ಉತ್ತರಕ್ಕೆ ಕಾಯುವವರು ಎಷ್ಟು ಜನ?

ಮಾವನ ಮನೆಯ ಬೇಲಿಯಾಚೆ ಒಬ್ಬರು ಏಣಿ ಹೊತ್ತು ನಿಂತಿದ್ದರು. ಎತ್ತರದ ಆಳು, ಗಡ್ಡದಲ್ಲಿ ಬಿಳಿ ಕೂದಲು. ಮಾವ ಇಲ್ಲಿಂದಲೇ ಕೂಗಿದರು: "ಮದಾಲಾರೀ, ಏಣಿ ಅಲ್ಲೇ ಇಡ್ರಿ, ಬರ್ರಿ, ಚಾ ಕುಡೀರಿ!" ಅಪ್ಪಟ ಹರಿಹರದ ಕನ್ನಡದಲ್ಲೇ ಕೂಗಿದ್ದು, ಆದರೂ ಅವರು ಬಂದೇ ಬಿಟ್ಟರು.

"ಮಾವ, ಇಲ್ಲೂ ಮಾದಲಿ ಮಾಡ್ತಾರಾ?" ಅಂದೆ.

ಮಾವನಿಗೆ ಚಹಾ ನೆತ್ತಿಗೇರಿತು. ಮಾದಲಿ ಅಂದರೆ ನಮ್ಮ ಕಡೆ ಹಬ್ಬದ ದಿನ, ಮಠದ ಪಂಕ್ತಿಯಲ್ಲಿ ಬಡಿಸುವ ಗೋಧಿ ಬೆಲ್ಲದ ಪುಡಿ ಸಿಹಿ. ಹಾಲು, ತುಪ್ಪ ಹಾಕಿ ಕಲಸಿ ತಿನ್ನುವುದು. "ಮಾದಲಿ ಅಲ್ಲವ್ವ ಹುಚ್ಚಿ, ಮದಾಲಾ! ಗಣಿ ಭಾಷಿ. ವಯಸ್ಸಾದೋನು ಅಂತ. ನಾವು 'ಯಜಮಾನ್ರೇ' ಅನ್ನಂಗಿಲ್ಲೇನು, ಹಂಗ, ಮರ್ಯಾದಿ ಮಾತು." ಆ ಗಣಿಗೆ ಹತ್ತು ಕಡೆಯಿಂದ ಬಂದ ಹತ್ತು ಭಾಷೆಯವರಿದ್ದಾರೆ. ಅವರೆಲ್ಲರಿಗೂ ಕೆಲಸಕ್ಕೆ ಬೇಕಾದಷ್ಟು ಒಂದು ಕಲಬೆರಕೆ ಭಾಷೆ ಇದೆ. ಮಾವ ಅದಕ್ಕೂ ಕೊನೆಗೊಂದು 'ರಿ' ಸೇರಿಸಿ ಬಳಸುತ್ತಾರೆ.

ಮದಾಲಾ ಪಕ್ಕದ ದೇಶ ಲೆಸೊಥೊದ ಬೆಟ್ಟದ ಊರಿನವರು. ಅವರಿಗೆ ಇಂಗ್ಲಿಷ್ ನಮಸ್ಕಾರಕ್ಕೆ ಆಗುವಷ್ಟು ಮಾತ್ರ ಗೊತ್ತು. ಮಿಕ್ಕಿದ್ದನ್ನೆಲ್ಲ ಮಾವ ನಡುವೆ ಕೂತು ಆಚೆಗೂ ಈಚೆಗೂ ದಾಟಿಸಿದರು. ಹಾಗಾಗಿ ಅವರ ಮಾತು ನನಗೆ ಹರಿಹರದ ಕನ್ನಡದಲ್ಲೇ ಕೇಳಿಸಿತು. ನಾನೂ ಹಾಗೇ ಬರೆಯುತ್ತೇನೆ.

ಮದಾಲಾ ಊರಿಗೆ ರಜೆಗೆ ಹೋಗಿ ಆಗಷ್ಟೇ ಮರಳಿದ್ದರು. ರಜೆಯಿಂದ ಬಂದವರು ಮತ್ತೆ ಕೆಳಗಿಳಿಯಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು: ಬಿಸಿ ಕೋಣೆಯಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು. ಮೈಯ ಕಾವು ಗೊತ್ತಾದ ಗೆರೆ ದಾಟಿದರೆ ನಪಾಸು. ನಪಾಸಾದವರಿಗೆ ಮೇಲೆ ಕೆಲಸ.

"ಒಳ್ಳೇದೇ ಆಯ್ತಲ್ಲ?" ಅಂದೆ. "ಮೇಲೆ ಗಾಳಿ, ಬೆಳಕು. ಅಲ್ಲೇ ಇರಲಿ."

ಮಾವ ದಾಟಿಸಿದರು. ಮದಾಲಾ ನಕ್ಕರು. "ನನ್ನ ತಮ್ಮನ ಮಗ ಸೆಲ್ಲೊ ಕೆಳಗ ಅದಾನ. ನಾನಽ ಕರ್ಕೊಂಡು ಬಂದೀನಿ. ಅವರಪ್ಪ ಇಲ್ಲ. ಅವ ಕೆಳಗಿರೋ ತನಕ ನಾನೂ ಕೆಳಗ ಇರ್ತೀನಿ ಅಂತ ಅವರವ್ವಗ ಮಾತು ಕೊಟ್ಟೀನಿ. ಮೊನ್ನೆ ಹೊರಡುವಾಗಲೂ ಬಾಗಿಲಾಗ ನಿಂತು ಅದನ್ನೇ ಕೇಳಿದ್ಲು." ಆಮೇಲೆ ಮಂಡಕ್ಕಿ ಬಾಯಿಗೆಸೆದುಕೊಂಡು, "ಇದೇನಮ್ಮ ನಿಮ್ಮೂರ ತಿಂಡಿ? ಬಾಯಿ ತಿಂದೀನಿ ಅಂತೈತಿ, ಹೊಟ್ಟಿಗೆ ಸುದ್ದೀನೇ ಮುಟ್ಟಿಲ್ಲ," ಅಂದರು.

ಬಿಸಿ ಕೋಣೆ

ನನ್ನನ್ನು ಕೆಳಗೆ ಕರೆದೊಯ್ಯಲು ಮಾವ ಅನುಮತಿ ಪಡೆದಿದ್ದರು. ಅತಿಥಿಗಳಿಗೆ ರಕ್ತದೊತ್ತಡ ನೋಡಿ ಬಿಡುತ್ತಾರೆ, ಅಷ್ಟೆ. ನನ್ನದು ಮುಗಿದ ಮೇಲೆ ನರ್ಸಮ್ಮ ಪಕ್ಕದ ಕೋಣೆಯ ಗಾಜಿನ ಬಾಗಿಲು ತೋರಿಸಿದರು. ಒಳಗೆ ಮದಾಲಾ ಇದ್ದರು.

ಬರಿಮೈಯಲ್ಲಿ ಹತ್ತಾರು ಗಂಡಸರು ಸಾಲಾಗಿ ನಿಂತು, ಎದುರಿಗೊಂದೊಂದು ಮರದ ಮಣೆ ಇಟ್ಟುಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಎಲ್ಲರ ಕಾಲೂ ಒಂದೇ ತಾಳಕ್ಕೆ. ಗಾಜಿನ ಒಳಮೈ ಮೇಲೆ ನೀರು ಇಳಿಯುತ್ತಿತ್ತು. ಹತ್ತಿ ಎಲ್ಲಿಗೂ ಹೋಗದ ಮೆಟ್ಟಿಲನ್ನು ಜನ ಅಷ್ಟು ಶ್ರದ್ಧೆಯಿಂದ ಹತ್ತುವುದನ್ನು ನಾನು ಕಂಡಿರಲಿಲ್ಲ.

ಮುಗಿದ ಮೇಲೆ ಎಲ್ಲರ ಬಾಯಿಗೂ ಥರ್ಮಾಮೀಟರ್. ನರ್ಸಮ್ಮ ಮದಾಲಾರ ಮುಂದೆ ನಿಂತು ನೋಡಿದರು, ಇನ್ನೊಂದು ಸಲ ಇಟ್ಟು ನೋಡಿದರು. ಆಮೇಲೆ ಅವರ ಭುಜ ತಟ್ಟಿ ಏನೋ ಹೇಳಿದರು.

"ಗೆರಿ ದಾಟೇತಿ," ಅಂದರು ಮಾವ. "ಮುಂದಿನ ವಾರ ಇನ್ನೊಂದು ಸಲ ಬರಬೇಕಂತೆ. ಅದೇ ಕಡೀದು."

ಮದಾಲಾ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಬಂದರು. "ಊರಾಗ ಹೆಂಡ್ತಿ ಭಾಳ ಉಣ್ಸಿಬಿಟ್ಟಾಳ," ಅಂದರು. ಒಂದು ಲೋಟ ನೀರು ಕುಡಿದು ಇನ್ನೊಂದು ತುಂಬಿಕೊಂಡರು.

ಕೆಳಗೆ

ಪಂಜರದಂಥ ಲಿಫ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದರು. ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಉಸಿರಾಟದ ಡಬ್ಬಿ, ತಲೆಗೆ ದೀಪದ ಟೋಪಿ. ಬಿಟ್ಟ ಕಲ್ಲಿನಂತೆ ಇಳಿದೆವು. ನಮ್ಮೂರಿನ ಆನೆಕೊಂಡದಿಂದ ಹಳೇ ಬಸ್ ಸ್ಟ್ಯಾಂಡಿಗೆ ಹೋಗುವ ಎರಡು ಮೂರು ಕಿಲೋಮೀಟರ್ ದಾರಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಹೆಚ್ಚೂಕಡಿಮೆ ಅಷ್ಟು ಆಳ. ಕಿವಿ ಎರಡು ಸಲ ಮುಚ್ಚಿ ತೆರೆಯಿತು. ಒಬ್ಬ ಆಕಳಿಸಿದ. ನಮ್ಮಲ್ಲಿ ಹರಿಹರದ ಸಿಟಿ ಬಸ್ಸಿನಲ್ಲಿ ಆಕಳಿಸುತ್ತಾರಲ್ಲ, ಹಾಗೆ.

ಕೆಳಗಿಳಿದರೆ ಟ್ಯೂಬ್‌ಲೈಟು, ಹಳಿ, ಬಿಳಿ ಬಳಿದ ಗೋಡೆ, ತಣ್ಣನೆ ಗಾಳಿ. ಇಷ್ಟೇನಾ ಅಂದೆ. ಮಾವ ಮುಂದಕ್ಕೆ ನಡೆಸಿದರು. ಒಂದು ಕಬ್ಬಿಣದ ಬಾಗಿಲು ದಾಟಿದೆವು, ಇನ್ನೊಂದು ದಾಟಿದೆವು. ಒಂದೊಂದು ತಿರುವಿಗೂ ಗಾಳಿ ತೆಳ್ಳಗಾಯಿತು. ಕನ್ನಡಕದ ಮೇಲೆ ಹಬೆ ಕೂತಿತು. ಬೆವರು ಒರೆಸಿದ ಜಾಗದಲ್ಲಿ ಕೈ ತೆಗೆಯುವುದರೊಳಗೆ ಮತ್ತೆ ಬೆವರು. ಗೋಡೆಗೆ ಅಂಗೈ ಇಟ್ಟೆ. ಈಗಷ್ಟೇ ರೊಟ್ಟಿ ಇಳಿಸಿದ ಹಂಚು ಅದು. ಕಲ್ಲೇ ಬಿಸಿ. ದಾದಾಪೀರ್ ಚಾಚಾನ ಭಟ್ಟಿಯಲ್ಲಿ ಒಲೆ ಒಂದು ಕಡೆ ಇರುತ್ತದೆ, ಬೆನ್ನು ತಿರುಗಿಸಬಹುದು. ಇಲ್ಲಿ ಯಾವ ಕಡೆ ತಿರುಗಿದರೂ ಒಲೆಯೇ.

ದಾರಿಯಲ್ಲೊಂದು ಕಡೆ ಅಡ್ಡಡ್ಡ ಮರ ಬಡಿದು ಮುಚ್ಚಿದ ಸುರಂಗ. ಹಲಗೆಯ ಮೇಲೆ ಬರೆದಿದ್ದನ್ನು ಕೂಡಿಸಿ ಓದಿದೆ: ಮದಾಲಾ ಸೈಡ್.

"ಮಾವ, ಇದು ಅವರ ಜಾಗಾನಾ?"

"ಅಲ್ಲ. ಚಿನ್ನ ತೆಗೆದು ಮುಗಿದ ಕಡೀಗೆ ಹಂಗಂತಾರ. ಖಾಲಿ ಜಾಗ. ಒಳಗ ಯಾರೂ ಹೋಗಂಗಿಲ್ಲ, ಗಾಳೀನೂ ಬಿಡಂಗಿಲ್ಲ."

"ಮರ್ಯಾದಿ ಮಾತು ಅಂದಿದ್ರಿ?"

"ಎರಡಕ್ಕೂ ಒಂದೇ ಮಾತವ್ವ. ನಡಿ."

ಮುಂದೆ ಒಂದು ಹೊಸ ಕೊರೆಯುವ ಯಂತ್ರ ನಿಂತಿತ್ತು. ನಾನು ವೇದಿಕೆಯ ಮೇಲೆ ಹಾಡಿ ಹೊಗಳಿದ್ದು ಇದನ್ನೇ. ಅದರ ಪಕ್ಕಕ್ಕೆ ಬಂದೊಡನೆ ಮೈ ಜುಮ್ಮೆಂದಿತು. ತಣ್ಣನೆ ಗಾಳಿ! ಆಳೆತ್ತರದ ಒಂದು ಕೊಳವೆ ಸುರಂಗದುದ್ದಕ್ಕೂ ಬಂದು ಸರಿಯಾಗಿ ಯಂತ್ರದ ಬೆನ್ನ ಹಿಂದೆ ಬಾಯಿ ತೆರೆದುಕೊಂಡಿತ್ತು. ಅದರ ಬಾಯಿಗೆ ಎದೆಯೊಡ್ಡಿ, ಅಂಗಿ ಬಿಚ್ಚಿ, ನಾಲ್ಕು ಜನ ಕುಕ್ಕರಗಾಲಲ್ಲಿ ಕೂತು ಬುತ್ತಿ ತಿನ್ನುತ್ತಿದ್ದರು. ಅವರ ಹಿಂದೆ ಇನ್ನಷ್ಟು ಜನ ಕಾಯುತ್ತಿದ್ದರು. ನಮ್ಮೂರಲ್ಲಿ ನಲ್ಲಿಗೆ ಕೊಡ ಸಾಲು ಹಚ್ಚುವಂತೆ ಇಲ್ಲಿ ಗಾಳಿಗೆ ಜನ ಸಾಲು ಹಚ್ಚಿದ್ದರು.

ಚಾಚಾ, ಗಾಳಿಗೆ ಇಲ್ಲಿಗೆ ಬರುತ್ತಾರೆ.

"ಮೆಷಿನ್‌ನಾಗ ಕಂಪ್ಯೂಟರ್ ಐತೆ," ಮಾವ ಹೇಳಿದರು. "ಶೆಕಿ ಆದ್ರೆ ಸುಟ್ಟು ಹೋಗತೈತಿ. ಅದಕ್ಕ ತಂಪು."

"ಕೆಲಸ ಮಾಡೋರೆಲ್ಲಿ?"

ಮಾವ ಟಾರ್ಚ್ ಬಿಟ್ಟು ತೋರಿಸಿದರು. ಯಂತ್ರದ ಮುಂದೆ, ಅದು ನುಗ್ಗಲಾರದ ಓರೆಯಾದ ಒಂದು ಬಿರುಕು. ಎತ್ತರ ನಮ್ಮ ಮಂಚದ ಕೆಳಗಿನಷ್ಟು. ಅದರೊಳಗಿಂದ ಒಬ್ಬ ಹುಡುಗ ತೆವಳಿಕೊಂಡು ಹೊರಬಂದ, ಕೆರೆಯಿಂದ ಎದ್ದವನಂತೆ ತೊಯ್ದಿದ್ದ. ಸೆಲ್ಲೊ. ನನ್ನನ್ನು ಕಂಡು ಮೊದಲು ಕ್ಷೇಮ ಕೇಳಿದ. ನಾನೂ ಕೇಳಿದೆ, ಕಲಿತಿದ್ದೆನಲ್ಲ. ಆಮೇಲೆ ಕೇಳಿದ: "ನಮ್ಮ ಮದಾಲಾ ಯಾವಾಗ ಬರ್ತಾರೆ?"

ಮಾವ ಅವನ ಬೆನ್ನು ತಟ್ಟಿದರು. ಅಷ್ಟರಲ್ಲಿ ಯಂತ್ರದವನು ಸೀಟಿ ಊದಿದ. ಗಾಳಿಗೆ ಕೂತವರೆಲ್ಲ ಬುತ್ತಿ ಮುಚ್ಚಿ ಎದ್ದು ಬಿರುಕಿನ ಕಡೆ ನಡೆದರು.

"ಮಾವ, ಆ ಕೊಳವೇನ ಇನ್ನೊಂದಿಷ್ಟು ಮುಂದಕ್ಕೆ, ಇವರು ಕೆಲಸ ಮಾಡೋ ತನಕ ಒಯ್ಯಾಕ ಬರಲ್ವಾ?"

"ಬರಂಗಿಲ್ಲ. ಕೊಳವಿ ಉದ್ದ ಆದಷ್ಟೂ ಗಾಳಿ ಒತ್ತಡ ಬೀಳತೈತಿ."

"ಒತ್ತಡ ಬೀಳತೈತಾ, ಖರ್ಚು ಬೀಳತೈತಾ?"

"ಏ ವಕೀಲಮ್ಮ," ಅಂದರು ಮಾವ, "ಕೆಳಗ ಬಂದಾಗ ಉಸಿರು ಉಳಿಸ್ಕೋಬೇಕು."

ಮೇಲೆ ಬರುವಾಗ ನಾನು ಉಸಿರು ಉಳಿಸಿಕೊಂಡೇ ಇದ್ದೆ. ಆದರೆ ಲೆಕ್ಕ ಹಾಕುತ್ತಿದ್ದೆ. ಯಂತ್ರಕ್ಕೆ ಪರೀಕ್ಷೆ ಇಲ್ಲ, ತಂಪಿದೆ. ಮನುಷ್ಯನಿಗೆ ತಂಪಿಲ್ಲ, ಪರೀಕ್ಷೆ ಇದೆ. ಶೆಕೆ ತಡೆಯದ ಯಂತ್ರಕ್ಕೆ ಯಾರೂ 'ನೀನು ಮೇಲೆ ಹೋಗು' ಅನ್ನಲಿಲ್ಲ. ಇದನ್ನು ನನ್ನ ಎದುರಾಳಿಗಳಲ್ಲಿ ಒಬ್ಬರಾದರೂ ಚರ್ಚಾಸ್ಪರ್ಧೆಯ ದಿನ ಎತ್ತಿದ್ದರೆ ನಾನು ಸೋಲುತ್ತಿದ್ದೆ.

ಭಾನುವಾರದ ಊಟ

ಎರಡನೆಯ ಪರೀಕ್ಷೆಗೆ ಮುಂಚಿನ ಭಾನುವಾರ ನಾನು ಮಾದಲಿ ಮಾಡಿದೆ. ಮರುದಿನ ನನ್ನ ವಿಮಾನ. ಆ ಹೆಸರಿನವರಿಗೆ ಆ ತಿಂಡಿ ಬಡಿಸದೆ ಹೋಗುವುದು ಸರಿಯಲ್ಲ ಅನ್ನಿಸಿತು. ಗೋಧಿ ರೊಟ್ಟಿ ಗಟ್ಟಿಯಾಗಿ ಬೇಯಿಸಿ ಪುಡಿ ಮಾಡಿ, ಬೆಲ್ಲ ಸಿಗದೆ ಕಂದು ಸಕ್ಕರೆ ಕಲಸಿದೆ. ಅವ್ವ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮದಾಲಾ ಹಾಲು ಹಾಕಿಕೊಂಡು ಕಲಸಿ ತಿಂದರು. ಹೆಸರು ಕೇಳಿ ಗಟ್ಟಿಯಾಗಿ ನಕ್ಕರು. "ಹಂಗಾರೆ ನನ್ನನ್ನ ನಾನೇ ತಿನ್ನಕತ್ತೀನಿ."

"ಕೆಳಗೆ ಮುಚ್ಚಿದ ಸುರಂಗಕ್ಕೂ ನಿಮ್ಮ ಹೆಸರೇ ಇದೆ," ಅಂದೆ. ಮಾವ ಸ್ವಲ್ಪ ತಡೆದು ದಾಟಿಸಿದರು.

"ಗೊತ್ತೈತಿ. ಕೆಳಗ ಇದ್ದಾಗ ಹುಡುಗ್ರು ಮದಾಲಾ ಅಂದ್ರೆ ಹಿರಿಯ ಅಂತ ಕೇಳಸತೈತಿ. ಈ ವಾರ ಮ್ಯಾಲೆ ಕುಂತು ಕೇಳಿದ್ರೆ ಆ ಹಲಗಿ ನೆನಪಾಗತೈತಿ." ಚಮಚ ಕೆಳಗಿಟ್ಟರು. "ದಿನಾ ಸಂಜಿ ಸೆಲ್ಲೊ ಮ್ಯಾಲೆ ಬರೋ ತನಕ ಲಿಫ್ಟಿನ ಬಾಗಿಲಾಗ ನಿಂದರ್ತೀನಿ. ಕಾವಲಿನವ ಬೈತಾನ."

ನನಗೆ ತಡೆಯಲಾಗಲಿಲ್ಲ. "ಮಾವ, ಅವರನ್ನ ಕೇಳ್ರಿ. ಆ ತಂಪಿನ ಕೊಳವೆ ಬಿರುಕಿನ ತನಕ ಬಂದಿದ್ರೆ ಈ ಮೆಟ್ಲು ಹತ್ತೋ ಪರೀಕ್ಷೆ ಯಾಕ ಬೇಕಿತ್ತು ಅಂತ ಕೇಳ್ರಿ."

ಮಾವ ತಮ್ಮ ತಟ್ಟೆಯಲ್ಲಿನ ಮಾದಲಿಯನ್ನು ಕಲಸಿದರು. ಇನ್ನೊಂದಿಷ್ಟು ಹಾಲು ಹಾಕಿಕೊಂಡರು. ಆಮೇಲೆ ಮದಾಲಾರ ಕಡೆ ತಿರುಗಿ ಎರಡೇ ಮಾತು ಹೇಳಿದರು. ಮದಾಲಾ ನನ್ನ ಕಡೆ ನೋಡಿ, ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ, ಅಕ್ಕರೆಯಿಂದ ಅಂದರು: "ಹೌದು ಮಗಳೇ. ತುಂಬಾ ಸಿಹಿಯಾಗಿದೆ. ಥ್ಯಾಂಕ್ಯೂ."

ನಾನು ಮಾವನ ಮುಖ ನೋಡಿದೆ. ಮಾವ ತಟ್ಟೆ ನೋಡುತ್ತಿದ್ದರು.

ಹರಿಹರ

ಮಳೆಗಾಲ ಶುರುವಾದಾಗ ಮಾವ ರಜೆಗೆ ಬಂದರು. ಸಂಜೆ ಹೊಳೆಯ ದಂಡೆಗೆ ನಡೆದು ಹೋದೆವು. ಅತ್ತೆ ಕಟ್ಟಿಕೊಟ್ಟ ಮಂಡಕ್ಕಿ ಮಿರ್ಚಿಯ ಪೊಟ್ಟಣ ನಡುವೆ ಇತ್ತು. ತುಂಗಭದ್ರೆಗೆ ಕೆಂಪು ನೀರು ಬಂದಿತ್ತು, ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿದ್ದವು. ಹೊಳೆಯಾಚೆಯಿಂದ ಗಾಳಿ ಬೀಸುತ್ತಿತ್ತು. ಈ ಗಾಳಿಗೆ ಯಾರೂ ಸಾಲು ಹಚ್ಚಬೇಕಾಗಿರಲಿಲ್ಲ.

ನಾನು ಕೇಳುವ ಮೊದಲೇ ಮಾವ ಹೇಳಿದರು. "ಮದಾಲಾರ ಮೈ ಕಾವು ಎರಡನೇ ಸಲಾನೂ ಗೆರಿ ದಾಟ್ತು. ಈಗ ಮ್ಯಾಲೆ ದೀಪದ ಕೋಣ್ಯಾಗ ಅದಾರ. ಇಳಿಯೋರಿಗೆಲ್ಲ ದೀಪ ಕೊಡೋದು, ಹತ್ತಿ ಬಂದೋರ ಹತ್ರ ಇಸ್ಕೊಳ್ಳೋದು. ಸೆಲ್ಲೊನ ದೀಪ ಮಾತ್ರ ತಾವಽ ಒರೆಸಿ ಕೊಡ್ತಾರ."

"ಸೆಲ್ಲೊನ ಅವ್ವಗ ಹೇಳಿದಾರಾ?"

"ಇಲ್ಲ. ಕೆಳಗಽ ಅದೀನಿ ಅಂತ ಹೇಳ್ಯಾರ."

ಸ್ವಲ್ಪ ಹೊತ್ತು ಇಬ್ಬರೂ ತಿಂದೆವು. ಅವತ್ತು ನನ್ನ ಪ್ರಶ್ನೆಯನ್ನು ಮಾದಲಿಯ ರುಚಿಯಾಗಿ ಬದಲಾಯಿಸಿದ್ದರ ಬಗ್ಗೆ ಜಗಳ ತೆಗೆಯಬೇಕೆಂದೇ ಬಂದಿದ್ದೆ. ಆದರೆ ಮಾವ ಸೊರಗಿದ್ದರು. ಕೇಳಿದರೆ, ಉಣ್ಣುವವನ ಎದುರು ಆ ಮಾತು ಹೇಗೆ ಹೇಳಲಿ ಅನ್ನುತ್ತಾರೆ. ಬಿಟ್ಟೆ.

"ಮತ್ತೆ ಯಾವಾಗ ಹೊರಡೋದು?" ಅಂದೆ.

"ಜಲ್ದಿ ಹೋಗಬೇಕು," ಮಾವ ಮಿರ್ಚಿಯ ತೊಟ್ಟು ಕಿತ್ತು ಹೊಳೆಗೆಸೆದರು. "ಸಣ್ಣ ಮೆಷಿನ್ ಒಂದು ತರಸ್ಯಾರ. ಆ ಬಿರುಕಿನಾಗೂ ನುಗ್ಗತೈತಂತೆ. ಅದಕ್ಕ ತಂಪಿನ ಕೊಳವಿ ಮುಂದಕ್ಕ ಒಯ್ಯಬೇಕು, ಕಲ್ಲಿನ ಬಾಯಿ ತನಕ."

ಹೊಳೆಯ ಮೇಲೆ ಬೆಳಕು ಇಳಿಯುತ್ತಿತ್ತು. ಮಾವ ಇನ್ನೊಂದು ಮಿರ್ಚಿಗೆ ಕೈ ಹಾಕಿದ್ದರು, ಕೈ ಪೊಟ್ಟಣದಲ್ಲೇ ನಿಂತಿತು. ನಾನೇನು ಕೇಳುತ್ತೇನೆಂದು ಅವರಿಗೆ ಗೊತ್ತಾಗಿತ್ತು. ಆದರೂ ಕೇಳಿದೆ.

"ಈಗ ಒತ್ತಡ ಬೀಳಂಗಿಲ್ಲೇನು ಮಾವ?"